ಮೊದಲ ಸೆಮಿಸ್ಟರ್: 'ಮಗ ಮೊದಲಿನ ಹಾಗಿಲ್ಲ' ಎನ್ನುವ ಹೆತ್ತವರಿಗೆ

ಪಿಯುಸಿ ಮುಗಿಸಿ ಪದವಿ ತರಗತಿಗೆ ಸೇರಿದ ಮಕ್ಕಳು ಮೊಂತಿ ಹಬ್ಬಕ್ಕೆಂದು ಊರಿಗೆ ಬಂದು ಹೋದ ಮೇಲೆ ಹೆತ್ತವರಿಂದ ನಾವು ಹೆಚ್ಚಾಗಿ ಕೇಳುವ ಮಾತು ಒಂದೇ: 'ಮಗ ಮೊದಲಿನ ಹಾಗಿಲ್ಲ, ಫಾದರ್.' ಮಗಳ ಬಗ್ಗೆಯೂ ಇದೇ ದೂರು. ಮಾತು ಕಡಿಮೆಯಾಯಿತು ಎಂದು ಕೆಲವರು, ಎದುರುತ್ತರ ಹೆಚ್ಚಾಯಿತು ಎಂದು ಕೆಲವರು. ಈ ಬದಲಾವಣೆಯಲ್ಲಿ ಹೆಚ್ಚಿನ ಪಾಲು ಬೆಳವಣಿಗೆ. ಒಂದಿಷ್ಟು ಪಾಲು ನಿಜವಾದ ಕಷ್ಟ. ಇವೆರಡನ್ನು ಬೇರೆ ಮಾಡಿ ನೋಡದೆ ಹೋದರೆ ಬೆಳೆಯುತ್ತಿರುವ ಮಗುವನ್ನು ಬೈಯುತ್ತೇವೆ, ಕಷ್ಟದಲ್ಲಿರುವ ಮಗುವನ್ನು ಸುಮ್ಮನೆ ಬಿಟ್ಟುಬಿಡುತ್ತೇವೆ.

ಮೊದಲಿಗೆ ಲೆಕ್ಕ. ವಿಶ್ವವಿದ್ಯಾಲಯ ಅನುದಾನ ಆಯೋಗದ ಮಾರ್ಗಸೂಚಿಯ ಪ್ರಕಾರ ಒಂದು ಸೆಮಿಸ್ಟರ್ ಎಂದರೆ 15ರಿಂದ 18 ವಾರ, ಅಂದರೆ 90 ಪಾಠದ ದಿನಗಳು. ಕರ್ನಾಟಕದಲ್ಲಿ 2021ರಲ್ಲಿ ಬಂದ ನಾಲ್ಕು ವರ್ಷಗಳ ಪದವಿ ಕ್ರಮವನ್ನು ಕೈಬಿಟ್ಟು 2024-25ರಿಂದ ಮತ್ತೆ ಮೂರು ವರ್ಷಗಳ ಪದವಿಗೆ ಮರಳಲಾಗಿದೆ. ಒಟ್ಟು ಆರು ಸೆಮಿಸ್ಟರ್. ಹಾಗಾಗಿ ಮೊದಲನೆಯದು ಬರೇ ಪರಿಚಯದ ಕಾಲವಲ್ಲ, ಪದವಿಯ ಆರನೆಯ ಒಂದು ಭಾಗ. ವರ್ಷವಿಡೀ ಓದಿ ಕೊನೆಗೆ ಬೋರ್ಡ್ ಪರೀಕ್ಷೆ ಬರೆಯುವ ಅಭ್ಯಾಸದಿಂದ ಬಂದ ಮಕ್ಕಳಿಗೆ ಇದು ಅರ್ಥವಾಗುವ ಹೊತ್ತಿಗೆ ಮೊದಲ ಆಂತರಿಕ ಪರೀಕ್ಷೆ ಮುಗಿದಿರುತ್ತದೆ. ಪಿಯುಸಿಯಲ್ಲಿ ಡಿಸ್ಟಿಂಕ್ಷನ್ ಪಡೆದು ಚರ್ಚಿನಲ್ಲಿ ಸನ್ಮಾನ ಮಾಡಿಸಿಕೊಂಡ ಮಗುವಿಗೆ ಇಲ್ಲಿ ಕಡಿಮೆ ಅಂಕ ಬಂದರೆ ಅದನ್ನು ಮನೆಯಲ್ಲಿ ಹೇಳಲು ನಾಲಗೆ ಏಳುವುದಿಲ್ಲ. ನಮ್ಮ ಸನ್ಮಾನಗಳೂ ಈ ಮೌನಕ್ಕೆ ಸ್ವಲ್ಪ ಕಾರಣ ಎಂದು ನಮಗನ್ನಿಸುತ್ತದೆ.

ಅಂಕಕ್ಕಿಂತ ದೊಡ್ಡ ಬದಲಾವಣೆ ಯೋಚಿಸುವ ರೀತಿಯಲ್ಲಿ ಆಗುತ್ತದೆ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ವಿಲಿಯಂ ಪೆರ್ರಿ ಎಂಬವರು ಅಲ್ಲಿನ ವಿದ್ಯಾರ್ಥಿಗಳನ್ನು ವರ್ಷ ವರ್ಷ ಸಂದರ್ಶಿಸಿ 1970ರಲ್ಲಿ ಒಂದು ಗ್ರಂಥ ಪ್ರಕಟಿಸಿದರು. ಅವರು ಕಂಡದ್ದು ಇದು: ಹೊಸದಾಗಿ ಬಂದವರು ಪ್ರತಿಯೊಂದು ಪ್ರಶ್ನೆಗೂ ಒಂದೇ ಸರಿಯುತ್ತರ ಇದೆ, ಅದು ಅಧ್ಯಾಪಕರಿಗೆ ಗೊತ್ತಿದೆ ಎಂದು ನಂಬಿರುತ್ತಾರೆ. ಮುಂದೆ ಇಬ್ಬರು ಪ್ರಾಧ್ಯಾಪಕರು ಒಂದೇ ವಿಷಯದಲ್ಲಿ ಎರಡು ಅಭಿಪ್ರಾಯ ಹೇಳುವುದನ್ನು ಕೇಳುತ್ತಾರೆ. ಆಗ ಗೊಂದಲ. ಆಮೇಲೆ 'ಅವರವರ ಅಭಿಪ್ರಾಯ ಅವರವರಿಗೆ' ಎನ್ನುವ ಹಂತ. ಕೊನೆಗೆ, ಅಭಿಪ್ರಾಯಗಳಲ್ಲೂ ಆಧಾರವುಳ್ಳದ್ದು, ಇಲ್ಲದ್ದು ಎಂದಿರುತ್ತದೆ, ತೂಗಿ ನೋಡಿ ತಾನೇ ಒಂದು ನಿಲುವು ತಾಳಬೇಕು ಎಂಬ ತಿಳಿವಳಿಕೆ ಬರುತ್ತದೆ. ಈ ದಾರಿ ಪೂರ್ತಿಯಾಗಲು ವರ್ಷಗಳು ಬೇಕು; ಮೊದಲ ಸೆಮಿಸ್ಟರಿನಲ್ಲಿ ಹೆಚ್ಚಿನ ಮಕ್ಕಳು ಗೊಂದಲದ ಹಂತದಲ್ಲೇ ಇರುತ್ತಾರೆ. ಊಟದ ಮೇಜಿನಲ್ಲಿ ಮಗಳು 'ಅದು ಹಾಗೇ ಯಾಕಿರಬೇಕು?' ಎಂದು ಕೇಳಿದರೆ ಅವಳು ಕೆಟ್ಟುಹೋದಳು ಎಂದು ತಿಳಿಯಬೇಕಾಗಿಲ್ಲ.

ಮನೆ ಬಿಡುವ ನೋವಿನ ಬಗ್ಗೆಯೂ ಅಧ್ಯಯನಗಳಾಗಿವೆ. ವಿದ್ಯಾರ್ಥಿಗಳು ಕಾಲೇಜನ್ನು ಅರ್ಧದಲ್ಲೇ ಏಕೆ ಬಿಡುತ್ತಾರೆ ಎಂದು ವಿಚಾರಿಸಿದ ವಿನ್ಸೆಂಟ್ ಟಿಂಟೋ, 1987ರ ತಮ್ಮ ಪುಸ್ತಕದಲ್ಲಿ ಮೂರು ಹಂತಗಳನ್ನು ಹೇಳಿದರು: ಹಳೆಯ ಬಳಗದಿಂದ ಅಗಲುವುದು, ಎರಡಕ್ಕೂ ಸೇರದೆ ನಡುವೆ ನಿಲ್ಲುವುದು, ಹೊಸ ಬಳಗಕ್ಕೆ ಸೇರುವುದು. ಹುಟ್ಟು, ಮದುವೆ, ಮರಣದ ವಿಧಿಗಳನ್ನು ಅಭ್ಯಸಿಸಿದ ವಾನ್ ಗೆನೆಪ್ ಎಂಬ ವಿದ್ವಾಂಸರಿಂದ ಅವರು ಈ ವಿಚಾರವನ್ನು ಪಡೆದಿದ್ದರು. ಆದರೆ ಮನೆ, ಊರು, ಜನಾಂಗದಿಂದ ಕಡಿದುಕೊಂಡರೆ ಮಾತ್ರ ಓದು ಕೈಗೂಡುತ್ತದೆ ಎಂಬಂತೆ ಇದು ಕೇಳಿಸುತ್ತದೆ ಎಂದು 1992ರಲ್ಲಿ ವಿಲಿಯಂ ಟಿಯರ್ನಿ ಟೀಕಿಸಿದರು. ಈ ಟೀಕೆಯಲ್ಲಿ ಹುರುಳಿದೆ. ನಮ್ಮ ಕರಾವಳಿಯಲ್ಲಂತೂ ಎಷ್ಟೋ ಮಕ್ಕಳು ಹಾಸ್ಟೆಲಿಗೆ ಹೋಗದೆ ಬೆಳಗ್ಗಿನ ಬಸ್ಸಿನಲ್ಲಿ ಹೋಗಿ ಸಂಜೆ ಮನೆಗೆ ಬರುವವರು. ಇವರ ಕಷ್ಟ ಬೇರೆ ರೀತಿಯದು. ಕಾಲೇಜಿನಲ್ಲಿ ಗೆಳೆತನ ಬೆಳೆಯುವುದು ತರಗತಿ ಬಿಟ್ಟ ಮೇಲೆ; ಇವರಿಗೆ ಅಷ್ಟರಲ್ಲಿ ಬಸ್ಸು ಹಿಡಿಯಬೇಕು. ಸಂಘ, ನಾಟಕ, ಆಟ ಎಂದು ವಾರಕ್ಕೊಂದು ದಿನ ತಡವಾಗಿ ಬಂದರೆ ಮನೆಯವರು ತಾಳಿಕೊಳ್ಳುವುದು ಒಳ್ಳೆಯದು.

ಒಟ್ಟಿಗೆ ಇರುವುದರಿಂದಲೇ ಕಲಿಯುವುದು ಬಹಳವಿದೆ ಎಂಬುದು ಸಂತ ಜಾನ್ ಹೆನ್ರಿ ನ್ಯೂಮನರ ವಾದವೂ ಆಗಿತ್ತು. 1852ರಲ್ಲಿ ಡಬ್ಲಿನ್ನಿನ ಕಥೋಲಿಕ ವಿಶ್ವವಿದ್ಯಾಲಯಕ್ಕಾಗಿ ಬರೆದ ಉಪನ್ಯಾಸಗಳಲ್ಲಿ ಅವರು, ಬರೇ ಪರೀಕ್ಷೆ ನಡೆಸಿ ಪದವಿ ಕೊಡುವ ಸಂಸ್ಥೆಗಿಂತ ಯುವಕರನ್ನು ಒಂದೆಡೆ ಕೂಡಿಸಿ ಬಿಟ್ಟ ಸಂಸ್ಥೆಯೇ ಮೇಲು ಎಂದು ವಾದಿಸಿದರು. ಇದೇ ನ್ಯೂಮನ್ 16ನೆಯ ವಯಸ್ಸಿನಲ್ಲಿ ಆಕ್ಸ್‌ಫರ್ಡಿಗೆ ಸೇರಿ, 1820ರ ಅಂತಿಮ ಪರೀಕ್ಷೆಯಲ್ಲಿ ಎಲ್ಲರ ನಿರೀಕ್ಷೆಗಿಂತ ತೀರಾ ಕೆಳಗಿನ ಫಲಿತಾಂಶ ಪಡೆದವರು. ಎರಡು ವರ್ಷಗಳ ನಂತರ ಅಲ್ಲಿನ ಓರಿಯಲ್ ಕಾಲೇಜು ಅವರನ್ನು ಫೆಲೋ ಆಗಿ ಆರಿಸಿತು.

ಇನ್ನೊಬ್ಬ ಶಿಕ್ಷಣ ತಜ್ಞರಾದ ಆರ್ಥರ್ ಚಿಕರಿಂಗ್ ಅವರ ಮಾತನ್ನು ನಾವು ಹೆತ್ತವರಿಗೆ ವಿಶೇಷವಾಗಿ ತಿಳಿಸಬಯಸುತ್ತೇವೆ. ಸ್ವಾವಲಂಬನೆಯಲ್ಲಿ ಎರಡು ಬಗೆ: ಒಂದು, ಪ್ರತಿ ಹೆಜ್ಜೆಗೂ ಇತರರ ಮೆಚ್ಚುಗೆ, ಭರವಸೆ ಬೇಡದಿರುವುದು, ಮತ್ತೊಂದು, ತನ್ನ ಕೆಲಸವನ್ನು ತಾನೇ ನಿಭಾಯಿಸುವುದು. ಎರಡನೆಯದು ಮೊದಲ ಸೆಮಿಸ್ಟರಿನಲ್ಲಿ ಕಣ್ಣಿಗೆ ಕಾಣುತ್ತದೆ: ಬಟ್ಟೆ ಒಗೆಯುವುದು, ತಿಂಗಳ ಹಣ ಇಪ್ಪತ್ತನೇ ತಾರೀಕಿಗೇ ಮುಗಿಯದ ಹಾಗೆ ನೋಡಿಕೊಳ್ಳುವುದು, ಕಚೇರಿಯ ಕಿಟಕಿಯಲ್ಲಿ ನಿಂತು ಅರ್ಜಿ ಕೊಡುವುದು. ಮೊದಲನೆಯದು ನಿಧಾನ. ದಿನಕ್ಕೆ ಐದು ಸಲ ವಿಡಿಯೋ ಕರೆ ಮಾಡಿ 'ತಿಂಡಿ ಆಯ್ತಾ, ಓದಿದ್ಯಾ' ಎಂದು ಕೇಳುವ ಮನೆಯಲ್ಲಿ ಅದು ಇನ್ನೂ ನಿಧಾನ. ಇವೆರಡರ ನಂತರ ಬರುವುದು ಪರಸ್ಪರಾವಲಂಬನೆ ಎನ್ನುತ್ತಾರೆ ಚಿಕರಿಂಗ್. ಅಂದರೆ ತನಗೆ ತಿಳಿಯದ್ದನ್ನು ನಾಚಿಕೆಯಿಲ್ಲದೆ ಕೇಳುವುದು, ಇನ್ನೊಬ್ಬರು ಕೇಳಿದರೆ ಹೇಳಿಕೊಡುವುದು. ಕನ್ನಡ ಮಾಧ್ಯಮದಲ್ಲಿ ಕಲಿತು ಬಂದ ಮಗು ಇಂಗ್ಲಿಷ್ ಪಾಠ ಅರ್ಥವಾಗದೆ ಹಿಂದಿನ ಬೆಂಚಿನಲ್ಲಿ ವಾರಗಟ್ಟಲೆ ಸುಮ್ಮನೆ ಕುಳಿತಿದ್ದು, ಒಂದು ದಿನ ಉಪನ್ಯಾಸಕರ ಕೋಣೆಯ ಬಾಗಿಲು ತಟ್ಟಿದರೆ, ನಮ್ಮ ದೃಷ್ಟಿಯಲ್ಲಿ ಅದೇ ಆ ಸೆಮಿಸ್ಟರಿನ ದೊಡ್ಡ ಸಾಧನೆ.

ವಾಳೆಯ ಗುರಿಕಾರರು, ಯುವ ಸಂಘಟನೆಗಳ ಸಚೇತಕರು ಇಲ್ಲಿ ಮಾಡಬಹುದಾದ ಕೆಲಸವಿದೆ. ಊರಿಂದ ಹೋದ ಮಕ್ಕಳ ಹೆಸರನ್ನು ಅವರು ಓದುವ ಊರಿನ ಚರ್ಚಿನ ಯುವಕರಿಗೆ ತಿಳಿಸಬಹುದು. ಅದೇ ಕಾಲೇಜಿನಲ್ಲಿ ಓದುವ ಹಿರಿಯ ವಿದ್ಯಾರ್ಥಿಯೊಬ್ಬರ ಪರಿಚಯ ಮಾಡಿಸಬಹುದು. ರ್‍ಯಾಗಿಂಗ್ ನಡೆದರೆ ದೂರು ಕೊಡಲು 1800-180-5522 ಎಂಬ ಉಚಿತ ಸಹಾಯವಾಣಿ ಇದೆ.

ಇನ್ನು ನಿಜವಾದ ಕಷ್ಟದ ಲಕ್ಷಣಗಳು. ವಾರಗಟ್ಟಲೆ ತರಗತಿಗೆ ಹೋಗದಿರುವುದು, ಹಗಲಿಡೀ ಮಲಗುವುದು, ಊಟ ಬಿಡುವುದು, ಹಳೆಯ ಗೆಳೆಯರ ಕರೆಯನ್ನೂ ತೆಗೆಯದಿರುವುದು, 'ನನ್ನಿಂದ ಯಾರಿಗೂ ಪ್ರಯೋಜನವಿಲ್ಲ' ಎಂಬಂಥ ಮಾತು. ಇವು ಕಂಡರೆ ಉಪದೇಶ ಮಾಡಲು ಹೋಗಬೇಡಿ. ಅಂದೇ ಹೋಗಿ ಜೊತೆಗೆ ಕುಳಿತು ಮಾತು ಕೇಳಿ, ವೈದ್ಯರಿಗೆ ತೋರಿಸಿ. 2022ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು. ಅನುತ್ತೀರ್ಣವಾದ ಪತ್ರಿಕೆಯ ಚಿಂತೆ ಇದ್ದರೆ ಅದನ್ನು ಮುಂದೆ ಮತ್ತೆ ಬರೆಯಲು ಅವಕಾಶವಿದೆ. ಶುಲ್ಕ ಕಟ್ಟುವ ಕೊನೆಯ ದಿನ ಯಾವುದೆಂದು ಕಾಲೇಜಿನ ಕಚೇರಿಯಲ್ಲಿ ವಿಚಾರಿಸಲು ಮಗುವಿಗೇ ಹೇಳಿ.