ಸಿಹಿಯೊಳಗಿನ ವಿಷ

ಮಳೆಗಾಲದ ಸಂಜೆ ಬೆಚ್ಚಗೆ ಕುಳಿತು ಕೊಲೆಯ ಕಥೆಯೋದುವವರಿಗೆ ಆಂಟನಿ ಬರ್ಕ್ಲಿಯ ‘ದಿ ಪಾಯ್ಸನ್ಡ್ ಚಾಕೊಲೇಟ್ಸ್ ಕೇಸ್’ (1929) ರಸದೌತಣವೇ ಸರಿ. ವಿಷದ ಚಾಕೊಲೇಟು ತಿಂದು ಸತ್ತವಳೊಬ್ಬಳು. ಪತ್ತೇದಾರಿಕೆಯ ಹವ್ಯಾಸಿಗಳು ಆರು ಮಂದಿ, ಸಿದ್ಧಾಂತಗಳೂ ಆರು! ಸತ್ತವಳಿಗಾಗಿ ಮರುಗಲು ಓದುಗನಿಗೆ ಬಿಡುವೆಲ್ಲಿ?

ಇಂಗ್ಲೆಂಡಿನ ಬ್ರೈಟನ್ ಪಟ್ಟಣದಲ್ಲಿ ಇಂಥದು ನಿಜವಾಗಿಯೇ ನಡೆದಿತ್ತು. ವೈದ್ಯನೊಬ್ಬನಲ್ಲಿ ಅನುರಕ್ತಳಾದ ಕ್ರಿಸ್ಟಿಯಾನಾ ಎಡ್ಮಂಡ್ಸ್, ಆತನ ಹೆಂಡತಿಗೆ ವಿಷವಿಕ್ಕಿದಳೆಂಬ ಶಂಕೆಗೆ ಒಳಗಾದಳು. ಅಪವಾದವನ್ನು ಮಿಠಾಯಿಯವನ ತಲೆಗೆ ಕಟ್ಟಲು, ಅವನ ಅಂಗಡಿಯ ಚಾಕೊಲೇಟುಗಳಲ್ಲಿ ಸ್ಟ್ರಿಕ್ನಿನ್ ಸೇರಿಸಿ ಮರಳಿ ಅಲ್ಲಿಗೇ ಕಳುಹಿಸತೊಡಗಿದಳು. 1871ರ ಜೂನಿನಲ್ಲಿ ಅದನ್ನು ತಿಂದು ನಾಲ್ಕು ವರ್ಷದ ಸಿಡ್ನಿ ಬಾರ್ಕರ್ ಮಡಿದನು. ಮರಣವಿಚಾರಣೆಯಲ್ಲಿ ಆ ಅಂಗಡಿಯ ತಿನಿಸಿನ ಮೇಲೆ ಸಾಕ್ಷಿ ನುಡಿದವಳೂ ಈಕೆಯೇ! 1872ರಲ್ಲಿ ವಿಧಿಸಿದ ಮರಣದಂಡನೆ ರದ್ದಾಗಿ, ಬ್ರಾಡ್‌ಮೂರಿನ ಹುಚ್ಚಾಸ್ಪತ್ರೆಯಲ್ಲಿ 1907ರಲ್ಲಿ ತೀರಿಕೊಂಡಳು.

ಮಗುವಿಗೆ ಆ ಚಾಕೊಲೇಟು ಕೊಟ್ಟವನು ಅವನ ಮಾವ. ತಾನೂ ತಿಂದು ನರಳಿದ್ದನು.