ಅರಿಶಿನ ಔಷಧಿಯಾಗಲು ಇನ್ನೆಷ್ಟು ದೂರ?

ಪ್ರಾಸ್ಟೇಟ್ ಕ್ಯಾನ್ಸರ್ ಹಲವರಲ್ಲಿ ಆತುರವಿಲ್ಲದೆ ಬೆಳೆಯುವ ರೋಗ. ಮೂತ್ರಕೋಶದ ಕೆಳಗಿನ ಈ ಪುಟ್ಟ ಗ್ರಂಥಿಯಲ್ಲಿ ಗಡ್ಡೆ ಇದೆಯೆಂದು ಗೊತ್ತಾದ ಮೇಲೂ ಅಪಾಯ ಕಡಿಮೆ ಇರುವವರಿಗೆ ವೈದ್ಯರು ಕೂಡಲೇ ಚಾಕು ಹಿಡಿಯುವುದಿಲ್ಲ. ಆಗಾಗ ಪಿಎಸ್‌ಎ ಎಂಬ ಪ್ರಾಸ್ಟೇಟ್ ಪ್ರೋಟೀನಿನ ಮಟ್ಟ ಅಳೆಯುವ ರಕ್ತಪರೀಕ್ಷೆ ಮಾಡಿಸುತ್ತ ಕಣ್ಣಿಟ್ಟಿರುತ್ತಾರೆ. ಹೀಗೆ ಕಾಯುವ ರೋಗಿಗೆ ಗಡ್ಡೆಯ ವೇಗ ತುಸು ತಗ್ಗಿದರೂ ದೊಡ್ಡ ಲಾಭ. ಸಸ್ಯಗಳಲ್ಲಿರುವ ಸಂಯುಕ್ತಗಳ ಮೇಲೆ ಆಸೆ ಹುಟ್ಟಿದ್ದು ಇಲ್ಲಿಯೇ.

2017ರಲ್ಲಿ ಅಮೆರಿಕದ ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 142 ನೈಸರ್ಗಿಕ ಸಂಯುಕ್ತಗಳನ್ನು ಜಾಲಾಡಿದರು. ಕೊನೆಗೆ ಅವರ ಗಮನ ನಿಂತದ್ದು ಮೂರರ ಮೇಲೆ: ಸೇಬಿನ ಸಿಪ್ಪೆಯ ಅರ್ಸೋಲಿಕ್ ಆಮ್ಲ, ಅರಿಶಿನದ ಕರ್ಕ್ಯುಮಿನ್, ಕೆಂಪು ದ್ರಾಕ್ಷಿಯ ರೆಸ್ವೆರಟ್ರಾಲ್. ಕ್ಯಾನ್ಸರ್ ಕೋಶ ಬೆಳೆಯಲು ಗ್ಲುಟಮಿನ್ ಎಂಬ ಅಮೈನೋ ಆಮ್ಲ ಬೇಕು. ಅರ್ಸೋಲಿಕ್ ಆಮ್ಲದ ಜೊತೆ ಉಳಿದೆರಡರಲ್ಲಿ ಒಂದನ್ನು ಬೆರೆಸಿ ಕೊಟ್ಟಾಗ ಕೋಶ ಗ್ಲುಟಮಿನ್ ಹೀರಿಕೊಳ್ಳಲು ತಡವರಿಸಿತು. ಇಲಿಗಳಲ್ಲಿ ಗಡ್ಡೆಯ ಬೆಳವಣಿಗೆ ಕುಗ್ಗಿತು.

ಇಲಿಯಿಂದ ಮನುಷ್ಯನಿಗೆ ದಾಟುವಾಗಲೇ ತೊಡಕು. ನುಂಗಿದ ಕರ್ಕ್ಯುಮಿನ್ ರಕ್ತ ಸೇರುವುದು ತೀರಾ ಅಲ್ಪ. ಬಹುಪಾಲನ್ನು ಕರುಳು, ಯಕೃತ್ತುಗಳೇ ಮಾರ್ಪಡಿಸಿ ಹೊರಹಾಕುತ್ತವೆ. ಕಾಳುಮೆಣಸಿನ ಪೈಪರಿನ್ ಜೊತೆಗಿದ್ದರೆ ಕರ್ಕ್ಯುಮಿನ್ ಲಭ್ಯತೆ ಮನುಷ್ಯರಲ್ಲಿ ಸುಮಾರು 20 ಪಟ್ಟು ಏರುತ್ತದೆಂದು 1998ರಲ್ಲಿ ತೋರಿಸಿದ್ದು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು. ಆದರೆ ಪೈಪರಿನ್ ತಡೆಯುವುದು ಯಕೃತ್ತಿನ ವಿಲೇವಾರಿ ಕೆಲಸವನ್ನು. ಹಾಗಾಗಿ ರೋಗಿ ನುಂಗುವ ಬೇರೆ ಮಾತ್ರೆಗಳ ಪ್ರಮಾಣವೂ ರಕ್ತದಲ್ಲಿ ಏರುಪೇರಾಗಬಹುದು. ಅರಿಶಿನದ ಕ್ಯಾಪ್ಸೂಲ್‌ಗಳಿಂದ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳೂ ವೈದ್ಯಕೀಯ ದಾಖಲೆಯಲ್ಲಿವೆ.

ಮನುಷ್ಯರ ಮೇಲಿನ ಪ್ರಯೋಗಗಳು ಇನ್ನೂ ನಿಷ್ಠುರ. 2006ರಲ್ಲಿ ಲಾಸ್ ಏಂಜಲೀಸ್‌ನಲ್ಲಿ, ಚಿಕಿತ್ಸೆಯ ನಂತರ ಪಿಎಸ್‌ಎ ಮತ್ತೆ ಏರುತ್ತಿದ್ದ ಪುರುಷರು ದಿನವೂ ದಾಳಿಂಬೆ ರಸ ಕುಡಿದರು. ಪಿಎಸ್‌ಎ ಇಮ್ಮಡಿಯಾಗುವ ಅವಧಿ 15 ತಿಂಗಳಿಂದ 54 ತಿಂಗಳಿಗೆ ಹಿಗ್ಗಿತು. ಹೋಲಿಸಿ ನೋಡಲು ಹುಸಿರಸ ಕುಡಿದ ಗುಂಪು ಮಾತ್ರ ಇರಲಿಲ್ಲ. ಮುಂದೆ ಅಂಥ ಗುಂಪನ್ನೂ ಇಟ್ಟುಕೊಂಡು ಪರೀಕ್ಷಿಸಿದಾಗ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. 2020ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನದಲ್ಲಿ 478 ರೋಗಿಗಳ ಪೈಕಿ ಒಂದು ಗುಂಪಿಗೆ ತರಕಾರಿ ಹೆಚ್ಚಿಸಲು ಕಲಿಸಿದರು. ಅವರು ಹೆಚ್ಚು ತಿಂದರು ನಿಜ. ಎರಡು ವರ್ಷದಲ್ಲಿ ರೋಗದ ಓಟ ಬದಲಾಗಲಿಲ್ಲ. 35 ಸಾವಿರಕ್ಕೂ ಹೆಚ್ಚು ಪುರುಷರಿದ್ದ ‘ಸೆಲೆಕ್ಟ್’ ಎಂಬ ಅಧ್ಯಯನದಲ್ಲಂತೂ ವಿಟಮಿನ್ ಇ ಮಾತ್ರೆ ನುಂಗಿದವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಶೇ 17ರಷ್ಟು ಹೆಚ್ಚೇ ಕಂಡಿತು.

ಹಾಗಾದರೆ ಗಿಡಮರಗಳಲ್ಲಿ ಮದ್ದಿಲ್ಲವೇ? ಇದೆ. ಯುರೋಪಿನ ಯೂ ಮರದ ಸೂಜಿಯೆಲೆಯಲ್ಲಿ ಸಿಗುವ ವಸ್ತುವಿನಿಂದ ಫ್ರಾನ್ಸಿನ ರಸಾಯನಶಾಸ್ತ್ರಜ್ಞರು ಡೋಸಿಟ್ಯಾಕ್ಸೆಲ್ ತಯಾರಿಸಿದರು. ಕೋಶ ಇಬ್ಭಾಗವಾಗುವಾಗ ಬೇಕಾದ ಒಳಎಳೆಗಳನ್ನು ಅದು ಬಿಗಿಹಿಡಿದು ನಿಲ್ಲಿಸಿಬಿಡುತ್ತದೆ. ಹಾರ್ಮೋನ್ ಚಿಕಿತ್ಸೆಗೆ ಬಗ್ಗದೆ ಹರಡಿದ ಪ್ರಾಸ್ಟೇಟ್ ಕ್ಯಾನ್ಸರ್‌ನಲ್ಲಿ ಇದು ಆಯುಷ್ಯ ಹೆಚ್ಚಿಸುತ್ತದೆಂದು 2004ರಲ್ಲಿ ಎರಡು ದೊಡ್ಡ ಪ್ರಯೋಗಗಳು ತೋರಿಸಿದವು. ಇಂದು ಆಸ್ಪತ್ರೆಗಳಲ್ಲಿ ರಕ್ತನಾಳಕ್ಕೆ ಹನಿಸುವ ಕಿಮೋ ಔಷಧಿಗಳಲ್ಲಿ ಇದೂ ಒಂದು. ಆ ಎಲೆಯನ್ನೇ ಜಗಿದರೆ ಮಾತ್ರ ಪ್ರಾಣಕ್ಕೆ ಸಂಚಕಾರ, ಯೂ ವಿಷದ ಮರ. ಅದನ್ನು ಮದ್ದಾಗಿಸಿದ್ದು ಶುದ್ಧೀಕರಣ, ಅಳತೆ ಮತ್ತು ಪರೀಕ್ಷೆ.

ಅರಿಶಿನ, ದಾಳಿಂಬೆಗಳು ಆ ದಾರಿಯನ್ನು ಇನ್ನೂ ಪೂರ್ತಿ ಸವೆಸಿಲ್ಲ. ಸಾರಿಗೆ ಅರಿಶಿನ ಹಾಕಲು, ಹಣ್ಣು ತಿನ್ನಲು ಯಾರ ಅಡ್ಡಿಯೂ ಇಲ್ಲ. ಹೃದಯಕ್ಕಂತೂ ಸೊಪ್ಪು, ತರಕಾರಿ ಹಿತವೇ. ಸಾರದ ಮಾತ್ರೆ, ಕ್ಯಾಪ್ಸೂಲ್ ಬೇರೆಯೇ ವಿಷಯ. ಚಿಕಿತ್ಸೆಯಲ್ಲಿರುವವರು, ಅದರಲ್ಲೂ ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ತೆಗೆದುಕೊಳ್ಳುವವರು, ಇಂಥ ಸಾರದ ಮಾತ್ರೆಗಳ ಡಬ್ಬಿಯನ್ನು ಮೊದಲು ವೈದ್ಯರಿಗೆ ತೋರಿಸಬೇಕು. ಗೊತ್ತುಮಾಡಿದ ಚಿಕಿತ್ಸೆಯನ್ನು ಅವುಗಳ ಭರವಸೆಯಲ್ಲಿ ಮುಂದೂಡಬಾರದು.