ದೊಡ್ಡಮ್ಮನಿಲ್ಲದ ಬೀದಿ

ತಿಪಟೂರಿನಲ್ಲಿ ಅಮ್ಮನ ಜತೆ ಜಗಳವಾದ ದಿನ ನಾನು ಓಡುತ್ತಿದ್ದುದು ಎದುರುಮನೆಯ ದೊಡ್ಡಮ್ಮನ ಹತ್ತಿರ. ಕೈತುಂಬ ಕೊಬ್ಬರಿ, ಬೆಲ್ಲ ಕೊಟ್ಟು ಅವರು ನನ್ನ ದೂರನ್ನೆಲ್ಲ ಕೇಳುತ್ತಿದ್ದರು. ಆಮೇಲೆ ಮನೆಗೆ ಕರೆತಂದು, ಬಾಗಿಲಲ್ಲೇ ಅಮ್ಮನಿಗೂ ನಾಲ್ಕು ಮಾತು ಹೇಳಿ ಹೋಗುತ್ತಿದ್ದರು.

2008ರಲ್ಲಿ ಗಂಡನ ಕೆಲಸಕ್ಕಾಗಿ ಅಮೆರಿಕದ ನ್ಯೂಜೆರ್ಸಿಯ ಎಡಿಸನ್‌ಗೆ ಬಂದಾಗ ಮಗಳಿಗೆ ಐದು ವರ್ಷ. ಅಲ್ಲಿನ ಓಕ್ ಟ್ರೀ ರಸ್ತೆಯಲ್ಲಿ ನುಗ್ಗೆಕಾಯಿಯಿಂದ ರೇಷ್ಮೆ ಸೀರೆಯವರೆಗೆ ಎಲ್ಲ ಸಿಗುತ್ತಿತ್ತು. ಮಗಳ ದೂರು ಕೇಳಲು ಒಬ್ಬ ದೊಡ್ಡಮ್ಮ ಇರಲಿಲ್ಲ.

ಗಂಡನದು ಎಚ್-1ಬಿ ಎಂಬ ಕೆಲಸದ ವೀಸಾ. ಅದರ ಲೆಕ್ಕದಲ್ಲಿ ಸಂಸಾರವೆಂದರೆ ಗಂಡ, ಹೆಂಡತಿ, 21 ತುಂಬದ, ಮದುವೆಯಾಗದ ಮಕ್ಕಳು, ಅಷ್ಟೇ. ಅಜ್ಜಿ ತಾತ ಬರುವುದು ಪ್ರವಾಸಿ ವೀಸಾದಲ್ಲಿ, ಸಾಮಾನ್ಯವಾಗಿ ಆರು ತಿಂಗಳಿಗೆ. ಊರಲ್ಲಿ ಹತ್ತು ಜನ ಹಂಚಿಕೊಳ್ಳುತ್ತಿದ್ದ ಮುದ್ದು, ಗದರಿಕೆ, ಬುದ್ಧಿಮಾತು ಎಲ್ಲ ಇಲ್ಲಿ ಇಬ್ಬರ ತಲೆಗೇ ಬೀಳುತ್ತದೆ. ಜತೆಗೆ, ಹೊಸ ದೇಶದ ರೀತಿನೀತಿ ನಮಗಿಂತ ಮೊದಲು ಮಕ್ಕಳಿಗೆ ತಿಳಿಯುತ್ತದೆ. ಶಾಲೆಯಿಂದ ಬಂದ ಪತ್ರವನ್ನು ಮಗಳೇ ನನಗೆ ಬಿಡಿಸಿ ಹೇಳುತ್ತಿದ್ದಳು; ಹೂಂ, ಉಹೂಂ ಅನ್ನುವ ಅಧಿಕಾರ ಮಾತ್ರ ನನ್ನದಾಗಿತ್ತು.

ಹದಿಮೂರನೇ ವಯಸ್ಸಿನಲ್ಲಿ ಅವಳು ಗೆಳತಿಯ ಮನೆಯಲ್ಲಿ ರಾತ್ರಿ ಉಳಿಯುತ್ತೇನೆ ಅಂದಳು. ಗುರುತಿಲ್ಲದವರ ಮನೆ, ಬೇಡ ಅಂದೆ. ‘ನಿಂಗೆ ನನ್ ಮೇಲೆ ನಂಬಿಕೆ ಇಲ್ವಾ ಅಮ್ಮ?’ ಅಂದವಳೇ ಕೋಣೆಯ ಬಾಗಿಲು ಹಾಕಿಕೊಂಡಳು. ಮೂರು ದಿನ ಮಾತಿಲ್ಲ.

ಆಗ ನನ್ನಮ್ಮ ಬಂದಿದ್ದರು. ಮೊಮ್ಮಗಳ ತಲೆಗೆ ಎಣ್ಣೆ ಹಚ್ಚುತ್ತ, ಅವಳ ಅರ್ಧ ಕನ್ನಡ ಅರ್ಧ ಇಂಗ್ಲಿಷ್ ದೂರನ್ನು ಪೂರ್ತಿ ಕೇಳಿಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, ‘ನೀನು ಕೋಪ ಮಾಡ್ಕೊಂಡು ದೊಡ್ಡಮ್ಮನ ಮನೇಲಿ ಮಲಗ್ತಿರ್ಲಿಲ್ವೇನೆ? ಇವಳಿಗೆ ಅಂಥದ್ದೊಂದು ಮನೆ ಬೇಡ್ವಾ?’ ಅಂದರು. ಮಾರನೆಯ ದಿನವೇ ಆ ಗೆಳತಿಯ ತಾಯಿಯನ್ನು ಕಾಫಿಗೆ ಕರೆದೆ. ಗುರುತಾಯಿತು. ಮುಂದಿನ ಶನಿವಾರ ಮಗಳು ಹೋದಳು.

2024ರಲ್ಲಿ ಅವಳಿಗೆ 21 ತುಂಬಿತು. ನಾವು ಕಾಯಂ ವಾಸದ ಗ್ರೀನ್ ಕಾರ್ಡ್‌ಗೆ ಅರ್ಜಿ ಹಾಕಿದ್ದು 2013ರಲ್ಲಿ. ವರ್ಷಕ್ಕೆ ಕೊಡುವ ಕಾರ್ಡುಗಳಲ್ಲಿ ಒಂದೊಂದು ದೇಶಕ್ಕೆ ಶೇಕಡ 7ರ ಮಿತಿಯಿರುವುದರಿಂದ ಭಾರತೀಯರ ಸಾಲು ಬಲು ಉದ್ದ; ನಮ್ಮ ಸರದಿ ಬರಲಿಲ್ಲ. ನಮ್ಮ ಆಸರೆಯ ವೀಸಾ ಕಳೆದುಕೊಂಡು ಅವಳು ವಿದ್ಯಾರ್ಥಿ ವೀಸಾಕ್ಕೆ ಬದಲಾದಳು. ವೀಸಾ ಬದಲಿಸುವ ಫಾರಂ ತುಂಬುವ ರಾತ್ರಿ ಅವಳು ಮೊದಲು ಫೋನ್ ಮಾಡಿದ್ದು ಆ ಗೆಳತಿಯ ತಾಯಿಗೆ. ನನಗೆ ಬೇಸರವಾಗಲಿಲ್ಲ, ಧೈರ್ಯ ಬಂತು.

ಹೊರದೇಶದಲ್ಲಿರುವ ತಂದೆ ತಾಯಂದಿರೇ, ನಿಮ್ಮ ಮಕ್ಕಳಿಗೆ ನಿಮ್ಮ ಮೇಲೆ ದೂರು ಹೇಳಿಕೊಳ್ಳಲು ಒಂದು ಮನೆ ಹುಡುಕಿಕೊಡಿ. ಊರಲ್ಲಿರುವ ಅಜ್ಜಿ ತಾತಂದಿರೇ, ಭಾನುವಾರದ ವಿಡಿಯೊ ಕಾಲ್‌ನಲ್ಲಿ ‘ಊಟ ಆಯ್ತಾ’ ಎಂಬಲ್ಲಿಗೆ ನಿಲ್ಲಿಸಬೇಡಿ. ‘ಅಮ್ಮನ ಜತೆ ಜಗಳ ಆಯ್ತಾ’ ಅಂತಲೂ ಕೇಳಿ, ಮೊಮ್ಮಕ್ಕಳು ಹೇಳುವುದನ್ನು ಪೂರ್ತಿ ಕೇಳಿಸಿಕೊಳ್ಳಿ.